ಇಂಗೆ ಎಡ್ಲರ್

ಇಂಗೆ ಎಡ್ಲರ್ (೧೭ ಮಾರ್ಚ್ ೧೯೧೧ – ೭ ಮಾರ್ಚ್ ೨೦೦೧) ಸ್ವೀಡನ್ ದೇಶದ ಹೃದ್ರೋಗ ತಜ್ಞರು. ಶ್ರವಣಾತೀತ ಧ್ವನಿತರಂಗಗಳಿಂದ ಹೃದಯದ ಚಲನೆಯನ್ನು ದಾಖಲಿಸುವ ಎಕೋಕಾರ್ಡಿಯೋಗ್ರಫಿ ವಿಧಾನವನ್ನು ಭೌತವಿಜ್ಞಾನಿ ಕಾರ್ಲ್ ಹೆಲ್ಮುತ್ ಹರ್ಟ್ಸ್ ಅವರೊಡನೆ ರೂಪಿಸಿದರು.

ವೃತ್ತಿ ಮತ್ತು ಹಿನ್ನೆಲೆ

ಎಡ್ಲರ್ ಲುಂಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಶಿಕ್ಷಣ ಪಡೆದು, ಅಲ್ಲಿಯ ಆಸ್ಪತ್ರೆಯಲ್ಲಿ ಹೃದ್ರೋಗ ವಿಭಾಗದ ಹೊಣೆ ಹೊತ್ತರು. ಆ ಕಾಲದಲ್ಲಿ ರುಮ್ಯಾಟಿಕ್ ಜ್ವರದಿಂದ ಕಿರಿದಾದ ಮೈಟ್ರಲ್ ಕವಾಟವನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಆಗಷ್ಟೇ ಬಳಕೆಗೆ ಬಂದಿತ್ತು. ಕವಾಟ ಕಿರಿದಾಗಿದ್ದರೆ ಅದರಿಂದ ರೋಗಿಗೆ ಪ್ರಯೋಜನವಿತ್ತು; ರಕ್ತ ಹಿಂದಕ್ಕೆ ಸೋರುತ್ತಿದ್ದರೆ ಹಾನಿಯೇ ಹೆಚ್ಚಾಗುತ್ತಿತ್ತು. ಈ ಎರಡನ್ನೂ ಶಸ್ತ್ರಚಿಕಿತ್ಸೆಗೆ ಮೊದಲೇ ಖಚಿತವಾಗಿ ಬೇರ್ಪಡಿಸುವುದು ಅಂದಿನ ಪರೀಕ್ಷೆಗಳಿಂದ ಕಷ್ಟವಾಗಿತ್ತು.

ಸಂಶೋಧನೆ

ಲೋಹದಲ್ಲಿನ ಬಿರುಕುಗಳನ್ನು ಪತ್ತೆಹಚ್ಚಲು ಬಳಸುತ್ತಿದ್ದ ಧ್ವನಿತರಂಗ ಯಂತ್ರವನ್ನು ಹರ್ಟ್ಸ್ ಮಾಲ್ಮೋ ನಗರದ ಹಡಗು ಕಟ್ಟೆಯಲ್ಲಿ ಪರೀಕ್ಷಿಸಿ ನೋಡಿದರು. ಬಳಿಕ ಸೀಮೆನ್ಸ್ ಕಂಪನಿಯಿಂದ ಎರವಲು ಪಡೆದ ಯಂತ್ರದಿಂದ ೧೯೫೩ರ ಅಕ್ಟೋಬರ್ ೨೯ರಂದು ಇಬ್ಬರೂ ಹೃದಯದ ಚಲನೆಯನ್ನು ಮೊದಲ ಬಾರಿಗೆ ದಾಖಲಿಸಿದರು. ಅದರ ವರದಿ ೧೯೫೪ರಲ್ಲಿ ಪ್ರಕಟವಾಯಿತು.

ದಾಖಲೆಯಲ್ಲಿ ಕಂಡ ಒಂದು ಪ್ರಮುಖ ಪ್ರತಿಧ್ವನಿಯು ಎಡ ಹೃತ್ಕರ್ಣದ ಗೋಡೆಯಿಂದ ಬರುತ್ತದೆಂದು ಎಡ್ಲರ್ ಮೊದಲು ಭಾವಿಸಿದ್ದರು. ಮರಣೋತ್ತರ ಪರೀಕ್ಷೆಗಳ ಮೂಲಕ, ಅದು ಮೈಟ್ರಲ್ ಕವಾಟದ ಮುಂಭಾಗದ ದಳದ್ದೆಂದು ಅವರೇ ನಿರ್ಧರಿಸಿದರು. ಕವಾಟ ಕಿರಿದಾದಾಗ ಈ ದಳದ ಚಲನೆ ನಿಧಾನಗೊಳ್ಳುತ್ತದೆ. ಹೀಗೆ ಎದೆಯನ್ನು ತೆರೆಯದೆ ಕಾಯಿಲೆಯ ತೀವ್ರತೆಯನ್ನು ಅಂದಾಜಿಸುವುದು ಸಾಧ್ಯವಾಯಿತು. ೧೯೬೦ರಲ್ಲಿ ರೋಮ್‌ನಲ್ಲಿ ನಡೆದ ಯುರೋಪಿಯನ್ ಹೃದ್ರೋಗ ಸಮ್ಮೇಳನದಲ್ಲಿ ಅವರು ಈ ಕುರಿತ ಚಲನಚಿತ್ರವನ್ನು ಪ್ರದರ್ಶಿಸಿದರು.

ಮಹತ್ವ

ಎಡ್ಲರ್ ಅವರ ಕಾಲದ ಚಿತ್ರಣವು ಒಂದು ರೇಖೆಯ ಉದ್ದಕ್ಕೂ ಕಾಣುವ ಚಲನೆಗೆ ಸೀಮಿತವಾಗಿತ್ತು. ಅನಂತರ ಎರಡು ಆಯಾಮದ ಚಿತ್ರಗಳೂ ರಕ್ತದ ಹರಿವಿನ ವೇಗವನ್ನು ಅಳೆಯುವ ಡಾಪ್ಲರ್ ವಿಧಾನವೂ ಸೇರಿದವು. ಚಿತ್ರಣವು ರೋಗ ಪತ್ತೆಗಷ್ಟೇ ಅಲ್ಲದೆ ಚಿಕಿತ್ಸೆಯ ಫಲಿತಾಂಶವನ್ನು ಮುಂಚಿತವಾಗಿ ಊಹಿಸಲೂ ನೆರವಾಯಿತು. ೧೯೮೮ರಲ್ಲಿ ಪ್ರಕಟವಾದ ವಿಲ್ಕಿನ್ಸ್ ಅಂಕಪದ್ಧತಿ ಇದಕ್ಕೆ ನಿದರ್ಶನ. ಮೈಟ್ರಲ್ ಕವಾಟದ ದಳಗಳ ಚಲನೆ, ದಪ್ಪ, ಸುಣ್ಣಗಟ್ಟುವಿಕೆ ಹಾಗೂ ಕೆಳಗಿನ ತಂತುಗಳ ಸ್ಥಿತಿಗೆ ತಲಾ ೧ರಿಂದ ೪ ಅಂಕ ನೀಡಲಾಗುತ್ತದೆ. ಒಟ್ಟು ೮ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಬಲೂನ್ ಚಿಕಿತ್ಸೆ ಫಲಪ್ರದವಾಗುವ ಸಂಭವ ಹೆಚ್ಚು.

ರುಮ್ಯಾಟಿಕ್ ಜ್ವರದಿಂದ ಬರುವ ಕವಾಟದ ಕಾಯಿಲೆ ಭಾರತದಲ್ಲಿ ಇಂದಿಗೂ ಉಳಿದಿದೆ. ಸಾಮಾನ್ಯವಾಗಿ 'ಎಕೋ' ಎಂದು ಕರೆಯಲಾಗುವ ಈ ಪರೀಕ್ಷೆ ಈಗ ಶಿವಮೊಗ್ಗದಂತಹ ಜಿಲ್ಲಾ ಕೇಂದ್ರಗಳಲ್ಲಿಯೂ ಲಭ್ಯವಿದೆ.

ಪ್ರಶಸ್ತಿ

೧೯೭೭ರಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಅವರಿಗೆ ಲ್ಯಾಸ್ಕರ್ ಪ್ರಶಸ್ತಿ ದೊರೆಯಿತು.