ರೋಗದ ನೆಲೆಯನ್ನು ಜೀವಕೋಶದಲ್ಲಿ ಕಂಡ ವೈದ್ಯ ರುಡಾಲ್ಫ್ ವಿರ್ಚೋ

ಮನೆಯಲ್ಲಿ ಯಾರಿಗಾದರೂ ಮೈಮೇಲೆ ಗಂಟೊಂದು ಕಾಣಿಸಿಕೊಂಡರೆ, ಅದರ ಚೂರೊಂದನ್ನು ತೆಗೆದು ಬಯಾಪ್ಸಿಗೆ ಕಳುಹಿಸಬೇಕೆಂದು ವೈದ್ಯರು ಹೇಳುವುದುಂಟು. ವರದಿ ಕೈಸೇರುವವರೆಗಿನ ಕೆಲವು ದಿನಗಳು ಇಡೀ ಕುಟುಂಬಕ್ಕೆ ಯುಗದಂತೆ ಕಳೆಯುತ್ತವೆ. ಶಸ್ತ್ರಚಿಕಿತ್ಸೆ ಬೇಕೇ, ಔಷಧಿ ಸಾಕೇ, ಅಥವಾ ಗಾಬರಿಪಡಲು ಕಾರಣವೇ ಇಲ್ಲವೇ ಎಂಬ ತೀರ್ಮಾನವು ಸಾಮಾನ್ಯವಾಗಿ ರೋಗಿಯ ಮುಖವನ್ನೂ ನೋಡಿರದ ತಜ್ಞರೊಬ್ಬರ ಕಣ್ಣನ್ನು ಅವಲಂಬಿಸಿರುತ್ತದೆ. ಅವರ ಶಾಸ್ತ್ರವೇ ರೋಗಶಾಸ್ತ್ರ. ವಾಡಿಕೆಯ ಮಾತಿನಲ್ಲಿ ಪ್ಯಾಥಾಲಜಿ. ರೋಗ ಏಕೆ ಬರುತ್ತದೆ, ದೇಹದೊಳಗೆ ಎಲ್ಲಿ ನೆಲೆಸುತ್ತದೆ, ಅಲ್ಲಿ ಯಾವ ಮಾರ್ಪಾಡನ್ನು ಉಂಟುಮಾಡುತ್ತದೆ, ಆ ಮಾರ್ಪಾಡು ಹೊರಗೆ ಯಾವ ಲಕ್ಷಣವಾಗಿ ತೋರುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಈ ಶಾಸ್ತ್ರದ ಕಾರ್ಯ. ಇದಕ್ಕೆ ಇಂದಿನ ರೂಪವನ್ನು ನೀಡಿದವರಲ್ಲಿ ಅಗ್ರಗಣ್ಯರು ಜರ್ಮನಿಯ ರುಡಾಲ್ಫ್ ವಿರ್ಚೋ.

ವಿರ್ಚೋ ಅವರು 1821ರ ಅಕ್ಟೋಬರ್ 13ರಂದು ಅಂದಿನ ಪ್ರಷ್ಯಾ ರಾಜ್ಯದ ಪೊಮೆರೇನಿಯಾ ಪ್ರಾಂತ್ಯದ ಶೀಫೆಲ್‌ಬೈನ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ಆ ಪಟ್ಟಣ ಈಗ ಪೋಲೆಂಡ್ ದೇಶದಲ್ಲಿದೆ. ಮನೆಯಲ್ಲಿ ಸಿರಿತನವಿರಲಿಲ್ಲ. ಸೇನಾ ವೈದ್ಯರನ್ನು ತಯಾರುಮಾಡುತ್ತಿದ್ದ ಬರ್ಲಿನ್ನಿನ ಸಂಸ್ಥೆಯಲ್ಲಿ ವಿದ್ಯಾರ್ಥಿವೇತನ ದೊರೆತುದರಿಂದ ಅವರ ವೈದ್ಯ ವಿದ್ಯಾಭ್ಯಾಸ ಸಾಧ್ಯವಾಯಿತು. 1843ರಲ್ಲಿ ಪದವಿ ಪಡೆದ ಬಳಿಕ ಬರ್ಲಿನ್ನಿನ ಹೆಸರಾಂತ ಶಾರಿಟೆ ಆಸ್ಪತ್ರೆಯಲ್ಲಿ ಅವರು ಶವಪರೀಕ್ಷೆಯ ಕೆಲಸದಲ್ಲಿ ತೊಡಗಿದರು.

ಆ ಕಾಲದ ವೈದ್ಯವಿಜ್ಞಾನದ ಸ್ಥಿತಿಯನ್ನು ನೆನೆದರೆ ಅವರ ಸಾಧನೆಯ ಅಳತೆ ತಿಳಿಯುತ್ತದೆ. ದೇಹದಲ್ಲಿನ ನಾಲ್ಕು ರಸಗಳ ಸಮತೋಲ ತಪ್ಪುವುದೇ ರೋಗವೆಂದು ಯೂರೋಪಿನ ವೈದ್ಯರು ಶತಮಾನಗಳ ಕಾಲ ನಂಬಿದ್ದರು. 1761ರಲ್ಲಿ ಇಟಲಿಯ ಮೊರ್ಗಾನಿಯವರು ನೂರಾರು ಶವಪರೀಕ್ಷೆಗಳ ಆಧಾರದಿಂದ ರೋಗಕ್ಕೆ ದೇಹದ ಅಂಗಗಳಲ್ಲಿ ನೆಲೆಯುಂಟೆಂದು ತೋರಿಸಿದರು. ಫ್ರಾನ್ಸಿನ ಬಿಷಾ ಅವರು ಇನ್ನೂ ಒಳಹೊಕ್ಕು, ಅಂಗಗಳನ್ನು ರೂಪಿಸುವ ಅಂಗಾಂಶಗಳತ್ತ ಬೆರಳು ತೋರಿದರು. ಉಳಿದಿದ್ದ ಕೊನೆಯ ಮೆಟ್ಟಿಲನ್ನು ಇಳಿದು, ರೋಗದ ಮೂಲ ನೆಲೆ ಜೀವಕೋಶವೆಂದು ಸಾರಿದವರು ವಿರ್ಚೋ.

1845ರಲ್ಲಿ, ಇನ್ನೂ ಇಪ್ಪತ್ತನಾಲ್ಕು ತುಂಬುವ ಹೊತ್ತಿಗೆ, ಅಡುಗೆ ಕೆಲಸದ ಮಹಿಳೆಯೊಬ್ಬರ ಶವಪರೀಕ್ಷೆಯಲ್ಲಿ ರಕ್ತವು ವಿಚಿತ್ರವಾಗಿ ಬೆಳ್ಳಗಾಗಿರುವುದನ್ನು ಅವರು ಗಮನಿಸಿದರು. ಸ್ಕಾಟ್ಲೆಂಡಿನ ಜಾನ್ ಹ್ಯೂಸ್ ಬೆನೆಟ್ ಎಂಬ ವೈದ್ಯರೂ ಅದೇ ವರ್ಷ ಅಂತಹುದೇ ಪ್ರಸಂಗವನ್ನು ಕೆಲವು ವಾರಗಳ ಮೊದಲೇ ಪ್ರಕಟಿಸಿ, ಅದನ್ನು ರಕ್ತದಲ್ಲಿ ಉಂಟಾದ ಕೀವು ಎಂದು ಬಗೆದಿದ್ದರು. ವಿರ್ಚೋ ಅವರಾದರೋ ಇದು ಕೀವಲ್ಲ, ರಕ್ತದಲ್ಲಿ ಸಹಜವಾಗಿಯೇ ಇರುವ ಬಿಳಿಯ ಕಣಗಳು ಮಿತಿಮೀರಿ ಹೆಚ್ಚಿವೆ ಎಂದು ಅರಿತರು. ಎರಡು ವರ್ಷಗಳ ನಂತರ ಆ ಕಾಯಿಲೆಗೆ ಅವರಿಟ್ಟ ಹೆಸರೇ ಇಂದು ನಾವೆಲ್ಲರೂ ಬಲ್ಲ ಲ್ಯೂಕೇಮಿಯ.

ಅದೇ ವರ್ಷಗಳಲ್ಲಿ ಅವರು ರಕ್ತ ಹೆಪ್ಪುಗಟ್ಟುವ ರಹಸ್ಯವನ್ನೂ ಬಿಡಿಸಿದರು. ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪು ಅಲ್ಲಿಯೇ ಹುಟ್ಟಬೇಕಾಗಿಲ್ಲ. ಕಾಲಿನ ಅಭಿಧಮನಿಯಲ್ಲಿ ಉಂಟಾದ ಹೆಪ್ಪಿನ ತುಣುಕು ಕಳಚಿ, ರಕ್ತದೊಡನೆ ಹರಿದು, ಹೃದಯವನ್ನು ದಾಟಿ ಶ್ವಾಸಕೋಶವನ್ನು ಸೇರಬಲ್ಲದೆಂದು ಪ್ರಯೋಗಗಳಿಂದ ತೋರಿಸಿದರು. ತ್ರಾಂಬೋಸಿಸ್ ಮತ್ತು ಎಂಬಾಲಿಸಂ ಎಂಬ ಹೆಸರುಗಳು ವೈದ್ಯಭಾಷೆಗೆ ಈ ಅರ್ಥದಲ್ಲಿ ಬಂದದ್ದು ಅವರಿಂದ. ದೊಡ್ಡ ಶಸ್ತ್ರಚಿಕಿತ್ಸೆಯ ಬಳಿಕ ರೋಗಿಯನ್ನು ಆದಷ್ಟು ಬೇಗ ಎಬ್ಬಿಸಿ ನಡೆಸುವ ಇಂದಿನ ಕ್ರಮದ ಹಿಂದೆಯೂ ಈ ಅರಿವಿದೆ. 1847ರಲ್ಲಿ ಗೆಳೆಯ ರೈನ್‌ಹಾರ್ಟ್ ಅವರೊಡನೆ ಅವರು ಆರಂಭಿಸಿದ ರೋಗಶಾಸ್ತ್ರದ ಪತ್ರಿಕೆ ಇಂದಿಗೂ ವಿರ್ಚೋ ಅವರ ಹೆಸರಿನಲ್ಲಿಯೇ ಪ್ರಕಟವಾಗುತ್ತಿದೆ.

1848ರ ಆರಂಭದಲ್ಲಿ ಅವರ ಬಾಳು ಹೊಸ ತಿರುವು ಪಡೆಯಿತು. ಸೈಲೀಸಿಯಾದ ಮೇಲಿನ ಪ್ರಾಂತ್ಯದಲ್ಲಿ ಹಸಿವಿನ ಜೊತೆಗೆ ಟೈಫಸ್ ಜ್ವರ ಹಬ್ಬಿ ಜನರು ಸಾಯುತ್ತಿದ್ದಾಗ, ಪರಿಶೀಲನೆಗಾಗಿ ಸರಕಾರ ಅವರನ್ನು ಕಳುಹಿಸಿತು. ಪೋಲಿಷ್ ಭಾಷೆಯಾಡುತ್ತಿದ್ದ ಆ ಬಡ ಜನರ ನಡುವೆ ಸುಮಾರು ಮೂರು ವಾರಗಳನ್ನು ಕಳೆದ ವಿರ್ಚೋ ಅವರಿಗೆ ರೋಗದ ಬೇರು ಬಡತನ, ಅಜ್ಞಾನ ಮತ್ತು ಆಡಳಿತದ ಅಲಕ್ಷ್ಯದಲ್ಲಿದೆಯೆಂದು ಮನವರಿಕೆಯಾಯಿತು. ಅವರ ವರದಿಯು ಔಷಧಿಗಳಿಗಿಂತ ಹೆಚ್ಚಾಗಿ ಕೇಳಿದ್ದು ಶಿಕ್ಷಣ, ಸ್ವಾತಂತ್ರ್ಯ, ರಸ್ತೆಗಳು, ಬಡವರ ಮೇಲಿನ ತೆರಿಗೆಯ ಇಳಿಕೆ ಮತ್ತು ಜನರ ಮಾತೃಭಾಷೆಗೆ ಮನ್ನಣೆಯನ್ನು. ವೈದ್ಯವಿಜ್ಞಾನವು ಸಮಾಜವಿಜ್ಞಾನವೂ ಹೌದೆಂಬ ಅವರ ನಿಲುವು ಆಗಲೇ ಗಟ್ಟಿಗೊಂಡಿತು.

ಬರ್ಲಿನ್ನಿಗೆ ಹಿಂತಿರುಗಿದ ಕೆಲವೇ ದಿನಗಳಲ್ಲಿ, ಮಾರ್ಚ್ ತಿಂಗಳ ಕ್ರಾಂತಿಯಲ್ಲಿ ಅವರು ಜನರ ಪಕ್ಷದಲ್ಲಿ ನಿಂತರು. ಅದರ ಬೆಲೆಯನ್ನೂ ತೆರಬೇಕಾಯಿತು. ಸರಕಾರದ ಅವಕೃಪೆಗೆ ಪಾತ್ರರಾಗಿ 1849ರಲ್ಲಿ ಬರ್ಲಿನ್ನನ್ನು ತೊರೆದು ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಮರುವರ್ಷ ರೋಸೆ ಮಾಯರ್ ಅವರೊಡನೆ ವಿವಾಹವಾಯಿತು. ರಾಜಕೀಯದಿಂದ ದೂರವಿದ್ದ ಆ ಏಳು ವರ್ಷಗಳು ವಿಜ್ಞಾನಕ್ಕೆ ವರವಾದವು. ಪ್ರತಿಯೊಂದು ಜೀವಕೋಶವೂ ಮತ್ತೊಂದು ಜೀವಕೋಶದಿಂದಲೇ ಹುಟ್ಟುತ್ತದೆ ಎಂಬ ತತ್ವವನ್ನು ಅವರು ಪ್ರತಿಪಾದಿಸಿದ್ದು 1855ರಲ್ಲಿ. ಜೀವಕೋಶಗಳ ವಿಭಜನೆಯನ್ನು ಅವರಿಗಿಂತ ಮೊದಲೇ ರಾಬರ್ಟ್ ರೆಮಾಕ್ ಅವರು ತೋರಿಸಿದ್ದರು. ಅವರಿಗೆ ಸಲ್ಲಬೇಕಾದ ಗೌರವ ಅಂದು ಪೂರ್ಣವಾಗಿ ಸಲ್ಲಲಿಲ್ಲವೆಂಬುದನ್ನು ಇತಿಹಾಸಕಾರರು ಒಪ್ಪುತ್ತಾರೆ. ಆದರೆ ಆ ತತ್ವವನ್ನು ಸಮಸ್ತ ರೋಗಗಳಿಗೂ ಅನ್ವಯಿಸಿ ಒಂದು ಶಾಸ್ತ್ರವನ್ನು ಕಟ್ಟಿದವರು ವಿರ್ಚೋ.

1856ರಲ್ಲಿ ಬರ್ಲಿನ್ ಅವರನ್ನು ಮರಳಿ ಕರೆಯಿತು. ಅವರಿಗಾಗಿಯೇ ರೋಗಶಾಸ್ತ್ರದ ಹೊಸ ಸಂಸ್ಥೆಯೊಂದು ಸ್ಥಾಪನೆಯಾಯಿತು. 1858ರಲ್ಲಿ ಅವರು ನೀಡಿದ ಇಪ್ಪತ್ತು ಉಪನ್ಯಾಸಗಳು ಜೀವಕೋಶ ರೋಗಶಾಸ್ತ್ರವೆಂಬ ಗ್ರಂಥವಾಗಿ ಹೊರಬಂದವು. ದೇಹವೆಂಬುದು ಜೀವಕೋಶಗಳೇ ಪ್ರಜೆಗಳಾಗಿರುವ ಒಂದು ರಾಜ್ಯ. ಆ ಪ್ರಜೆಗಳ ನಡುವಿನ ಕಲಹವೇ ರೋಗ ಎಂಬುದು ಅವರ ಕಲ್ಪನೆ. ಗ್ರಂಥಿ ಅಥವಾ ಗಂಟಿನ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು ಜೀವಕೋಶಗಳ ಆಕಾರ ನೋಡಿ ರೋಗ ನಿರ್ಣಯಿಸುವ ಪದ್ಧತಿಗೆ ಭದ್ರವಾದ ತಳಹದಿ ದೊರೆತುದು ಈ ವಿಚಾರದಿಂದ.

ಪ್ರಯೋಗಶಾಲೆಯ ನಾಲ್ಕು ಗೋಡೆಗಳು ಅವರಿಗೆ ಸಾಲಲಿಲ್ಲ. 1859ರಿಂದ ಬರ್ಲಿನ್ ನಗರಸಭೆಯ ಸದಸ್ಯರಾಗಿ, ಮುಂದೆ ಪ್ರಷ್ಯಾದ ಶಾಸನಸಭೆಯಲ್ಲಿಯೂ ಜರ್ಮನ್ ಸಂಸತ್ತಿನಲ್ಲಿಯೂ ಜನಪ್ರತಿನಿಧಿಯಾಗಿ ದುಡಿದರು. 1865ರಲ್ಲಿ ಪ್ರಧಾನಿ ಬಿಸ್ಮಾರ್ಕ್ ಸಿಟ್ಟಿಗೆದ್ದು ದ್ವಂದ್ವಯುದ್ಧಕ್ಕೆ ಕರೆದಾಗ ವಿರ್ಚೋ ಅದನ್ನು ನಿರಾಕರಿಸಿದರು. ಹಂದಿಮಾಂಸದಿಂದ ಮನುಷ್ಯರಿಗೆ ಹರಡುವ ಟ್ರೈಕಿನೆಲ್ಲಾ ಹುಳುವನ್ನು ಅಭ್ಯಸಿಸಿ, ಮಾಂಸದ ಕಡ್ಡಾಯ ತಪಾಸಣೆಗಾಗಿ ಹೋರಾಡಿದರು. ಬರ್ಲಿನ್ನಿನ ಒಳಚರಂಡಿ ಯೋಜನೆಯನ್ನು ಎಂಜಿನಿಯರ್ ಜೇಮ್ಸ್ ಹೋಬ್ರೆಕ್ಟ್ ರೂಪಿಸಿದರೆ, ಅದಕ್ಕೆ ನಗರಸಭೆಯಲ್ಲಿ ಬೆಂಬಲವಾಗಿ ನಿಂತವರು ವಿರ್ಚೋ. ಜರ್ಮನಿಯ ಸುಮಾರು 67 ಲಕ್ಷ ಶಾಲಾಮಕ್ಕಳ ಕೂದಲು ಮತ್ತು ಕಣ್ಣಿನ ಬಣ್ಣಗಳ ಸಮೀಕ್ಷೆ ನಡೆಸಿ, ಶುದ್ಧ ಜನಾಂಗವೆಂಬ ಮಾತಿಗೆ ಆಧಾರವಿಲ್ಲವೆಂದು ಸಾರಿದರು.

ಇಂತಹ ಮಹಾಪುರುಷರೂ ಎಡವಲಿಲ್ಲವೆಂದಲ್ಲ. ಪ್ರಸವದ ವೇಳೆ ಕೈ ಶುಚಿಗೊಳಿಸುವುದರಿಂದ ತಾಯಂದಿರ ಪ್ರಾಣ ಉಳಿಯುವುದೆಂದ ಸೆಮ್ಮೆಲ್‌ವೈಸ್ ಅವರ ವಿಚಾರಕ್ಕೆ ಅವರು ಒಲಿಯಲಿಲ್ಲ. ರೋಗಾಣುಗಳ ಸಿದ್ಧಾಂತವನ್ನು ಬಹುಕಾಲ ಸಂಶಯದಿಂದಲೇ ಕಂಡರು. ನಿಯಾಂಡರ್ತಾಲ್ ಮಾನವನ ಎಲುಬುಗಳನ್ನು ಕಾಯಿಲೆಯಿಂದ ವಿಕಾರಗೊಂಡ ಇತ್ತೀಚಿನ ಮನುಷ್ಯನವೆಂದು ತಿಳಿದರು.

ಎಲ್ಲಕ್ಕಿಂತ ಹೆಚ್ಚು ಚರ್ಚೆಗೆ ಒಳಗಾದ ಪ್ರಸಂಗ 1887ರದು. ಜರ್ಮನಿಯ ಯುವರಾಜ ಫ್ರೆಡರಿಕ್ ಅವರ ಗಂಟಲಿನಲ್ಲಿ ಗಡ್ಡೆ ಕಾಣಿಸಿತು. ಜರ್ಮನ್ ವೈದ್ಯರು ಅದನ್ನು ಕ್ಯಾನ್ಸರ್ ಎಂದು ಶಂಕಿಸಿ ಶಸ್ತ್ರಚಿಕಿತ್ಸೆಗೆ ಸಿದ್ಧರಾದರೆ, ಇಂಗ್ಲೆಂಡಿನ ಮೊರೆಲ್ ಮೆಕೆಂಜಿ ಅವರು ಬಯಾಪ್ಸಿ ಆಗಲೇಬೇಕೆಂದರು. ತಮಗೆ ಕಳುಹಿಸಿದ ಚೂರಿನಲ್ಲಿ ವಿರ್ಚೋ ಅವರಿಗೆ ಕ್ಯಾನ್ಸರ್ ಕಾಣಲಿಲ್ಲ, ಶಸ್ತ್ರಚಿಕಿತ್ಸೆ ನಿಂತಿತು. ಮರುವರ್ಷ ಚಕ್ರವರ್ತಿಯಾದ ಫ್ರೆಡರಿಕ್ ಕೇವಲ 99 ದಿನ ಆಳಿ ಕ್ಯಾನ್ಸರಿನಿಂದಲೇ ತೀರಿಕೊಂಡರು. ತಜ್ಞರ ಕಣ್ಣು ಎಷ್ಟೇ ಸೂಕ್ಷ್ಮವಾಗಿದ್ದರೂ ತಮಗೆ ಬಂದ ಚೂರಿನ ಆಚೆಗಿರುವುದನ್ನು ಅದು ಕಾಣಲಾರದು. ಸಂದೇಹವಿದ್ದಾಗ ವೈದ್ಯರು ಮತ್ತೊಮ್ಮೆ ಬಯಾಪ್ಸಿ ಆಗಬೇಕೆಂದರೆ ಬೇಸರಪಡಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

1899ರಲ್ಲಿ ಶಾರಿಟೆಯ ಆವರಣದಲ್ಲಿ ಅವರ ರೋಗಶಾಸ್ತ್ರ ಸಂಗ್ರಹಾಲಯ ತೆರೆಯಿತು. ರೋಗಗ್ರಸ್ತ ಅಂಗಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಅವರು ಕೂಡಿಸಿದ್ದರು. ಅವುಗಳ ಒಂದು ಭಾಗವನ್ನು ಸಾಮಾನ್ಯ ಜನರೂ ನೋಡಲೆಂಬುದು ಅವರ ಆಸೆಯಾಗಿತ್ತು. 1902ರ ಜನವರಿಯಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಚಲಿಸುತ್ತಿದ್ದ ಟ್ರಾಮಿನಿಂದ ಇಳಿಯುವಾಗ ಬಿದ್ದು ತೊಡೆಯ ಮೂಳೆ ಮುರಿಯಿತು. ಅದರಿಂದ ಅವರು ಪೂರ್ಣವಾಗಿ ಚೇತರಿಸಿಕೊಳ್ಳಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 5ರಂದು ಬರ್ಲಿನ್ನಿನಲ್ಲಿ ಕೊನೆಯುಸಿರೆಳೆದರು.

ರೋಗವನ್ನು ಜೀವಕೋಶದಷ್ಟು ಕಿರಿದಾದ ನೆಲೆಯಲ್ಲಿಯೂ ಸಮಾಜದಷ್ಟು ಹಿರಿದಾದ ನೆಲೆಯಲ್ಲಿಯೂ ಏಕಕಾಲಕ್ಕೆ ಹುಡುಕಿದವರು ಅವರು. ಪ್ರಯೋಗಶಾಲೆಯಿಂದ ಬರುವ ವರದಿಯ ಹಾಳೆಯಲ್ಲಿಯೂ, ಬೀದಿಯ ಕೆಳಗೆ ಕಾಣದಂತೆ ಹರಿಯುವ ಒಳಚರಂಡಿಯಲ್ಲಿಯೂ ಆ ಹುಡುಕಾಟದ ಫಲವಿದೆ. ನಗರವಾಸಿಗಳಾದ ನಮ್ಮ ಆರೋಗ್ಯ ಇವೆರಡನ್ನೂ ನೆಚ್ಚಿಕೊಂಡಿದೆ.