ಗುಬ್ಬಿ ಕಂಪನಿಯ ಪಗಾರದ ಪಟ್ಟಿ

ಗುಂಡ್ಲುಪೇಟೆ ಹತ್ತಿರದ ನಮ್ಮೂರಲ್ಲಿ ಕುರುಕ್ಷೇತ್ರ ನಾಟಕ ಆಡ್ತಾರೆ. ಚಾಮರಾಜನಗರ ಕಡೆಯವರಾದರೆ ನಿಮ್ಮೂರಲ್ಲೂ ನೋಡಿರ್ತೀರಿ. ಗೊತ್ತಿಲ್ಲದವರಿಗೆ ಅದರ ಲೆಕ್ಕಾಚಾರ ಹೇಳಿಬಿಡ್ತೀನಿ: ಅಲ್ಲಿ ಪಾರ್ಟು ಮಾಡೋನೇ ಕೈಯಿಂದ ದುಡ್ಡು ಹಾಕಬೇಕು. ದುರ್ಯೋಧನ, ಕೃಷ್ಣ ಬೇಕು ಅಂದರೆ ಜಾಸ್ತಿ. ವಿದುರನೋ ಸಾತ್ಯಕಿಯೋ ಆದರೆ ಕಮ್ಮಿ. ಆ ದುಡ್ಡಲ್ಲೇ ಹಾರ್ಮೋನಿಯಂ ಮೇಷ್ಟ್ರಿಗೆ ಸಂಭಾವನೆ, ಸೀನರಿ, ಡ್ರೆಸ್ಸು, ಮೈಕು, ಲೈಟು. ಒಂದು ರಾತ್ರಿ ಗದೆ ತಿರುಗಿಸಿದ ದುರ್ಯೋಧನ ಮಾರನೇ ದಿನ ಅರಿಶಿನದ ಹೊಲಕ್ಕೆ ನೀರು ಕಟ್ಟೋಕೆ ಹೋಗ್ತಾನೆ. ಹೊಟ್ಟೆಪಾಡಿಗೂ ನಾಟಕಕ್ಕೂ ಸಂಬಂಧವೇ ಇಲ್ಲ.

ಈಗ ಇದನ್ನು ಪೂರ್ತಿ ತಲೆಕೆಳಗು ಮಾಡಿ. ದುರ್ಯೋಧನನಿಗೆ ತಿಂಗಳ ಪಗಾರ ಕೊಡಬೇಕು. ಕೃಷ್ಣನಿಗೂ, ದ್ರೌಪದಿಗೂ, ತಬಲಾದವನಿಗೂ, ಪರದೆ ಎಳೆಯೋನಿಗೂ, ಅಡುಗೆ ಭಟ್ಟನಿಗೂ ಕೊಡಬೇಕು. ವರ್ಷಪೂರ್ತಿ, ಮಳೆ ಬಂದರೂ, ಜನ ಬರದಿದ್ದರೂ. ಇದನ್ನು ಅರ್ಧ ಶತಮಾನ ನಡೆಸಿದ ಒಬ್ಬರ ಕಥೆ ಇದು. ಗುಬ್ಬಿ ವೀರಣ್ಣ ಅಂದ ಕೂಡಲೇ ನಮಗೆ ದೊಡ್ಡ ನಟ, ನಾಟಕರತ್ನ, ರಾಜ್ಯ ಸರ್ಕಾರ ಅವರ ಹೆಸರಲ್ಲಿ ಕೊಡುವ ಪ್ರಶಸ್ತಿ, ಇಷ್ಟು ನೆನಪಾಗುತ್ತೆ. ನನಗೆ ಅವರು ನಟನಿಗಿಂತ ಮೊದಲು ಮ್ಯಾನೇಜರ್ ಆಗಿ ಕಾಣ್ತಾರೆ. ಐಪಿಎಲ್ ಹರಾಜು ನೋಡಿ ಯಾರನ್ನು ಉಳಿಸಿಕೊಳ್ಳಬೇಕಿತ್ತು, ಪರ್ಸಲ್ಲಿ ಎಷ್ಟು ಉಳಿದಿದೆ ಅಂತ ಹಾಸ್ಟೆಲಲ್ಲಿ ರಾತ್ರಿಯೆಲ್ಲ ಜಗಳ ಆಡೋ ನಮಗೆ ಈ ಮನುಷ್ಯನ ತಲೆನೋವು ಸುಲಭವಾಗಿ ಅರ್ಥ ಆಗಬೇಕು.

ವೀರಣ್ಣ ಹುಟ್ಟಿದ್ದು 1891ರಲ್ಲಿ, ತುಮಕೂರು ಜಿಲ್ಲೆಯ ಗುಬ್ಬಿ ಸೀಮೆಯ ಗುಳಗಂಜಿಹಳ್ಳಿಯಲ್ಲಿ. ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘ ಅದಕ್ಕೂ ಮೊದಲೇ, 1884ರಲ್ಲಿ ಶುರುವಾಗಿತ್ತು. ಊರಿನ ಕೆಲವು ಆಸಕ್ತರು ಸೇರಿ ಕಟ್ಟಿದ್ದ ಸಂಘ ಅದು. ಹುಡುಗ ವೀರಣ್ಣ ಇನ್ನೂ ಚಿಕ್ಕವನಿದ್ದಾಗಲೇ ಅಲ್ಲಿ ಬಣ್ಣ ಹಚ್ಚಿದ. ಚಿಲ್ಲರೆ ಪಾರ್ಟುಗಳಿಂದ ಶುರುವಾಗಿ ಹಾಸ್ಯಪಾತ್ರಗಳಲ್ಲಿ ಪಳಗಿ, 1917ರಲ್ಲಿ ಕಂಪನಿಯ ಮಾಲೀಕನೇ ಆದ. ಬೆಂಚಿನ ತುದಿಯಲ್ಲಿ ಕೂತಿದ್ದ ಹುಡುಗ ಮುಂದೆ ತಂಡದ ಯಜಮಾನನಾಗಿದ್ದು ಅವರ ಆಮೇಲಿನ ತೀರ್ಮಾನಗಳಿಗೆಲ್ಲ ಬುನಾದಿ ಅಂತ ನನ್ನ ಅನಿಸಿಕೆ. ತಟ್ಟೆ ಹಿಡಿದು ಕಂಪನಿ ಊಟದ ಸಾಲಲ್ಲಿ ನಿಂತವರಿಗೆ ಪಗಾರ ತಡವಾದರೆ ಏನಾಗುತ್ತೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

ವೃತ್ತಿನಾಟಕ ಕಂಪನಿ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ನೋಡೋಣ. ಒಂದು ಊರಲ್ಲಿ ಕ್ಯಾಂಪ್ ಹಾಕಬೇಕು, ಥಿಯೇಟರ್ ಕಟ್ಟಬೇಕು, ಜನ ಬರೋದು ಕಮ್ಮಿಯಾದ ಕೂಡಲೇ ಎಲ್ಲ ಬಿಚ್ಚಿ ರೈಲಿಗೋ ಗಾಡಿಗೋ ಹೇರಿಕೊಂಡು ಮುಂದಿನ ಊರಿಗೆ ಹೋಗಬೇಕು. ಆದಾಯ ಬರೋದು ನೆಲ, ಬೆಂಚು, ಕುರ್ಚಿ ಅಂತ ವಿಂಗಡಿಸಿದ ಟಿಕೆಟ್ಟಿಂದ ಮಾತ್ರ. ಅದು ದಿನಾ ಏರುಪೇರು. ಖರ್ಚು ಮಾತ್ರ ಗಟ್ಟಿ. ಊಟ, ವಸತಿ, ಪಗಾರ, ಸಾಮಾನು ಸಾಗಣೆ. ಒಂದೇ ಊರಲ್ಲಿ ತಿಂಗಳುಗಟ್ಟಲೆ ಇರಬೇಕಾದರೆ ಒಂದು ನಾಟಕ ಸಾಲದು, ಸದಾರಮೆ ಆಯ್ತಾ, ಮಾರನೇ ದಿನ ಕೃಷ್ಣಲೀಲೆ ಬೇಕು. ಅಂದರೆ ಪ್ರತಿಯೊಬ್ಬ ನಟನೂ ನಾಲ್ಕಾರು ನಾಟಕಕ್ಕೆ ತಯಾರಿರಬೇಕು, ಪ್ರತಿ ಮುಖ್ಯ ಪಾರ್ಟಿಗೂ ಇನ್ನೊಬ್ಬ ಕಲಿತಿರಬೇಕು. ರಾಜಾಪಾರ್ಟಿನವನಿಗೆ ಜ್ವರ ಬಂದರೆ ಟಿಕೆಟ್ ದುಡ್ಡು ವಾಪಸ್ ಕೊಡೋಕೆ ಆಗುತ್ತಾ? ಹೋದ ವರ್ಷ ನಮ್ಮ ಕ್ಲಬ್ಬಿನ ನಾಟಕದ ನಾಯಕ ಇಂಟರ್ನ್‌ಶಿಪ್ ಸಿಕ್ಕಿತು ಅಂತ ಮೂರು ವಾರ ಮುಂಚೆ ಬೆಂಗಳೂರಿಗೆ ಹಾರಿಹೋದ. ಅವನ ಪಾರ್ಟು ಇನ್ಯಾರಿಗೂ ಬರ್ತಿರಲಿಲ್ಲ. ಆವತ್ತೇ ನನಗೆ ವೀರಣ್ಣನವರ ಮೇಲೆ ಗೌರವ ಹುಟ್ಟಿದ್ದು.

ಇದರ ಮೇಲೆ ಇನ್ನೊಂದು ತೊಡಕು. ಆಗಿನ ನಾಟಕದಲ್ಲಿ ಹಾಡೇ ಜೀವ. ಬಾಲನಟರ ಎತ್ತರದ ದನಿಗೆ ಜನ ಮರುಳಾಗ್ತಿದ್ರು. ಹೆಣ್ಣುಪಾತ್ರಗಳನ್ನೂ ಹುಡುಗರೇ ಮಾಡ್ತಿದ್ದ ಕಾಲ ಬೇರೆ. ಹದಿನಾಲ್ಕೋ ಹದಿನೈದೋ ಆಗೋ ಹೊತ್ತಿಗೆ ಹುಡುಗನ ದನಿ ಒಡೆಯುತ್ತೆ. ನಿನ್ನೆವರೆಗೆ ಪ್ರಹ್ಲಾದನಾಗಿದ್ದವನು ಇವತ್ತು ಯಾವ ಪಾತ್ರಕ್ಕೂ ಕೂರೋದಿಲ್ಲ, ಮೀಸೆ ಬರೋ ತನಕ ರಾಜನೂ ಆಗೋದಿಲ್ಲ. ಆ ಮೂರ್ನಾಲ್ಕು ವರ್ಷ ಅವನನ್ನು ಇಟ್ಟುಕೊಂಡು ಸಾಕಬೇಕಾ, ಊರಿಗೆ ಕಳಿಸಬೇಕಾ? ಕಳಿಸಿದರೆ ಪಗಾರ ಉಳಿಯುತ್ತೆ, ಕಲಿಸಿದ್ದೆಲ್ಲ ನೀರುಪಾಲು. ಇಟ್ಟುಕೊಂಡರೆ ಒಂದು ತಟ್ಟೆ ಊಟ ಖರ್ಚು, ಮುಂದೆ ಒಬ್ಬ ನಟ ಸಿಗಬಹುದು, ಸಿಗದೆಯೂ ಇರಬಹುದು.

ಇದೇ ಪ್ರಶ್ನೆ ಅದೇ ಕಾಲದಲ್ಲಿ ಅಮೆರಿಕದಲ್ಲಿ ಒಬ್ಬರನ್ನು ಕಾಡ್ತಿತ್ತು. ಬ್ರಾಂಚ್ ರಿಕಿ ಅಂತ, ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಅನ್ನೋ ಬೇಸ್‌ಬಾಲ್ ತಂಡ ನಡೆಸುತ್ತಿದ್ದವರು. ಕೈಯಲ್ಲಿ ಕಾಸು ಕಮ್ಮಿ. ಒಳ್ಳೆ ಹುಡುಗನನ್ನು ಇವರು ಹುಡುಕೋದು, ಶ್ರೀಮಂತ ತಂಡಗಳು ಹೆಚ್ಚು ದುಡ್ಡು ಕೊಟ್ಟು ಎತ್ತಿಕೊಂಡು ಹೋಗೋದು. ಬೇಸತ್ತು ರಿಕಿ ಸಣ್ಣ ಊರುಗಳ ಚಿಕ್ಕ ತಂಡಗಳಲ್ಲೇ ಪಾಲು ಕೊಂಡರು. ಹುಡುಗರು ಅಲ್ಲಿ ಆಡ್ತಾ ಬೆಳೀಲಿ, ಮಾಗಿದವರು ಮೇಲೆ ಬರಲಿ, ಮಿಕ್ಕವರನ್ನು ಬೇರೆಯವರಿಗೆ ಮಾರಿದರಾಯ್ತು ಅಂತ. ಫಾರ್ಮ್ ಸಿಸ್ಟಮ್ ಅಂತ ಹೆಸರಾದ ಈ ಏರ್ಪಾಡಲ್ಲಿ 1930ರ ದಶಕ ಮುಗಿಯೋ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ಸಣ್ಣ ತಂಡಗಳು ಅವರ ಹಿಡಿತದಲ್ಲಿದ್ದವು. 1934ರಲ್ಲಿ ಕಾರ್ಡಿನಲ್ಸ್ ವರ್ಲ್ಡ್ ಸೀರೀಸ್ ಗೆದ್ದಿತು.

ವೀರಣ್ಣನವರು ಬೇಸ್‌ಬಾಲ್ ಹೆಸರು ಕೇಳಿದ್ದರೋ ಇಲ್ಲವೋ, ಮಾಡಿದ್ದು ಮಾತ್ರ ಹೆಚ್ಚುಕಡಿಮೆ ಅದನ್ನೇ. ಮಕ್ಕಳನ್ನು ಕಂಪನಿಯಲ್ಲೇ ಇಟ್ಟುಕೊಂಡು ಹಾಡು, ಮಾತು, ಕುಣಿತ ಕಲಿಸಿದರು. ಕಂಪನಿಯನ್ನು ಶಾಖೆಗಳಾಗಿ ಒಡೆದು ಬೇರೆ ಬೇರೆ ಕಡೆ ನಡೆಸಿದರು. ಒಂದು ಕಂಪನಿಗೆ ಒಬ್ಬನೇ ಕೃಷ್ಣ ಬೇಕು. ಶಾಖೆಗಳು ಇದ್ದರೆ ಅಷ್ಟು ಜನ ಕೃಷ್ಣರಿಗೂ ರಾತ್ರಿ ಕೆಲಸ ಇರುತ್ತೆ. ಬೆಂಚಿನ ಮೇಲೆ ಕೂತು ತುಕ್ಕು ಹಿಡಿಯೋ ಬದಲು ಸಣ್ಣ ಊರಲ್ಲಾದರೂ ದೀಪದ ಮುಂದೆ ನಿಲ್ತಾರೆ. ಹೆಣ್ಣುಪಾತ್ರಗಳಿಗೆ ಹೆಂಗಸರನ್ನೇ ತಂದರು. ಅದು ಸುಧಾರಣೆ ಹೌದು, ಜತೆಗೆ ದನಿ ಒಡೆಯೋ ಸಮಸ್ಯೆಗೂ ಅದೇ ಪರಿಹಾರ. ಬಿ. ಜಯಮ್ಮನವರಂಥ ಗಾಯಕನಟಿಗೆ ಆ ಕಂಪನಿಯಲ್ಲಿ ಸಿಕ್ಕ ಜಾಗ ಅಂದಿನ ದಿನಕ್ಕೆ ಸಣ್ಣದಲ್ಲ. ಜಯಮ್ಮ ಮುಂದೆ ವೀರಣ್ಣನವರ ಪತ್ನಿಯೂ ಹೌದು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಬೇಸ್‌ಬಾಲಲ್ಲಿ ಕರಾರು ಎಷ್ಟು ಬಿಗಿ ಅಂದರೆ ಆಟಗಾರ ತಾನಾಗೇ ಇನ್ನೊಂದು ತಂಡಕ್ಕೆ ಹೋಗೋ ಹಾಗೇ ಇರಲಿಲ್ಲ. ನಾಟಕದವರನ್ನು ಹಿಡಿದಿಡೋಕೆ ಅಂಥ ಹಗ್ಗ ಇರಲಿಲ್ಲ. ಮುಂಗಡ ಕೊಟ್ಟು ಕಟ್ಟಿಹಾಕೋ ರೂಢಿ ಇತ್ತು, ಆದರೂ ಮನಸ್ಸು ಮುರಿದರೆ ಟ್ರಂಕು ಎತ್ತಿಕೊಂಡು ಬೇರೆ ಕಂಪನಿಗೆ ಹೊರಟರಾಯ್ತು. ಅವರನ್ನು ನಿಲ್ಲಿಸೋದು ಹೊತ್ತಿಗೆ ಬರೋ ಪಗಾರ ಮತ್ತು ಒಳ್ಳೆ ಪಾರ್ಟು, ಎರಡೇ.

ಒಳ್ಳೆ ಪಾರ್ಟಿನ ವಿಷಯದಲ್ಲಿ ವೀರಣ್ಣನವರಿಗೆ ಒಂದು ಅನುಕೂಲ ಇತ್ತು. ಅವರು ಹಾಸ್ಯನಟ. ಸದಾರಮೆಯ ಕಳ್ಳನ ಪಾತ್ರ ಅಂದರೆ ಇವತ್ತಿಗೂ ಅವರದೇ ಹೆಸರು. ಮಾಲೀಕನೇ ರಾಜಾಪಾರ್ಟು ಹಿಡಿದು ಕೂತ ಕಂಪನಿಯಲ್ಲಿ ಬೆಳೆಯೋ ಹುಡುಗನಿಗೆ ತಲೆ ಮೇಲೆ ಸೂರು ಬಡಿಯುತ್ತೆ. ಇಲ್ಲಿ ಜನರನ್ನು ಎಳೆಯೋ ತಾರೆ ಮಾಲೀಕನೇ ಆಗಿದ್ದರೂ ಸಿಂಹಾಸನ ಬೇರೆಯವರಿಗೆ ಖಾಲಿ ಇತ್ತು. ಅದು ಯೋಚನೆ ಮಾಡಿ ಮಾಡಿದ್ದೋ, ಸ್ವಭಾವವೋ, ಅಂತೂ ಕಂಪನಿಗೆ ಒಳ್ಳೆಯದೇ ಆಯ್ತು. ಮೈಸೂರು ಮಹಾರಾಜರು ವಿನೋದರತ್ನಾಕರ ಅಂತ ಬಿರುದು ಕೊಟ್ಟಿದ್ದೂ ಈ ನಗಿಸುವ ಕೆಲಸಕ್ಕೇ.

1934ರಲ್ಲಿ ಬೆಂಗಳೂರಲ್ಲಿ ಕುರುಕ್ಷೇತ್ರ ಆಡಿಸಿದರು. ಆನೆ, ಕುದುರೆ ನಿಜವಾದವೇ ರಂಗದ ಮೇಲೆ ಬಂದವು. ಇದನ್ನು ಅದ್ದೂರಿತನ ಅಂತ ಹೊಗಳೋರಿದ್ದಾರೆ, ಆಡಂಬರ ಅಂತ ಮೂಗು ಮುರಿಯೋರೂ ಇದ್ದಾರೆ. ಆಗ ಟಾಕಿ ಬಂದಿತ್ತು. ಕನ್ನಡದ ಮೊದಲ ಮಾತಿನ ಚಿತ್ರ ಸತಿ ಸುಲೋಚನ ತೆರೆಕಂಡಿದ್ದೂ ಅದೇ ವರ್ಷ. ಬಿಳಿ ಪರದೆ ಮೇಲೆ ಓಡಾಡೋ ನೆರಳಿಗೂ ಮುಟ್ಟಿ ನೋಡಬಹುದಾದ ಆನೆಗೂ ಪೈಪೋಟಿ ಅಂತ ಇಟ್ಟುಕೊಂಡರೆ ಆನೆಯ ಮೇವಿನ ಖರ್ಚು ಅರ್ಥ ಆಗುತ್ತೆ.

ಈಗ ನಮ್ಮ ಜಿಲ್ಲೆಗೆ ಬರ್ತೀನಿ. ಕೊಳ್ಳೇಗಾಲ ತಾಲ್ಲೂಕಿನ ಸಿಂಗಾನಲ್ಲೂರು ಇವತ್ತು ಚಾಮರಾಜನಗರ ಜಿಲ್ಲೆಯ ಊರು. 1956ರವರೆಗೆ ಅದು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಲ್ಲಿಯ ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯಲ್ಲಿ ನಟರು. ಕಂಸ, ರಾವಣ, ಹಿರಣ್ಯಕಶಿಪು ತರಹದ ಆರ್ಭಟದ ಪಾತ್ರಗಳಿಗೆ ಹೆಸರಾದವರು. ಅವರ ಮಗ ಮುತ್ತುರಾಜ ಹುಟ್ಟಿದ್ದು 1929ರಲ್ಲಿ ಗಾಜನೂರಲ್ಲಿ. ಚಾಮರಾಜನಗರದಿಂದ ತಾಳವಾಡಿ ಕಡೆ ಬಸ್ ಹತ್ತಿದವರಿಗೆ ಆ ಊರು ಗೊತ್ತು, ಗಡಿ ದಾಟಿದರೂ ಕಿವಿಗೆ ಕನ್ನಡವೇ ಬೀಳುತ್ತೆ. ಶಾಲೆ ಬಿಟ್ಟು ಎಂಟರ ಆಸುಪಾಸಿನಲ್ಲೇ ಹುಡುಗ ಅಪ್ಪನ ಹಿಂದೆ ಕಂಪನಿಗೆ ಬಂದ.

ಪಟ್ಟಿಯಲ್ಲಿ ಆಗ ಅವನ ಹೆಸರು ಎಲ್ಲೋ ಕೊನೆಗಿದ್ದಿರಬೇಕು. ಚಿಲ್ಲರೆ ಪಾರ್ಟು, ಹಾಡು ಕಲಿಯೋದು, ದೊಡ್ಡವರು ಮಾಡೋದನ್ನ ಪರದೆ ಪಕ್ಕದಿಂದ ನೋಡೋದು. ನಡುವೆ ಅಪ್ಪ ಮಕ್ಕಳು ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲೂ ಇದ್ದರು. ಮುಂಚೆ ಹೇಳಿದ ಟ್ರಂಕು ಎತ್ತಿಕೊಂಡು ಹೋಗೋದು ಅಂದರೆ ಇದೇ. 1951ರಲ್ಲಿ ಪುಟ್ಟಸ್ವಾಮಯ್ಯ ತೀರಿಕೊಂಡರು. ಹೆಚ್ಚುಕಡಿಮೆ ನಮ್ಮ ಫೈನಲ್ ಇಯರ್‌ನವರ ವಯಸ್ಸಿನ ಹುಡುಗನ ಹೆಗಲಿಗೆ ಮನೆ ಬಿತ್ತು, ನಾಟಕದ ಪಗಾರದ ಮೇಲೆ.

ಅದೇ ಪಟ್ಟಿಯಲ್ಲಿ ಇನ್ನೂ ಯಾರ್ಯಾರಿದ್ದರು ನೋಡಿ. ನಂಜನಗೂಡಿನ ಜಿ.ವಿ. ಅಯ್ಯರ್, ಚಾಮರಾಜನಗರದ ರೈಲಲ್ಲಿ ಮೈಸೂರಿಗೆ ಹೋಗೋವಾಗ ಸಿಗೋ ನಂಜನಗೂಡು. ನರಸಿಂಹರಾಜು. ಬಾಲಕೃಷ್ಣ. ದಕ್ಷಿಣ ಕನ್ನಡದ ಮಂಚಿಯಿಂದ ಬಂದ ಒಬ್ಬ ಹುಡುಗ, ಬಿ.ವಿ. ಕಾರಂತ. ಈ ಕಾರಂತರ ವಿಷಯದಲ್ಲಿ ವೀರಣ್ಣ ಮಾಡಿದ್ದು ಯಾವ ಲೆಕ್ಕಕ್ಕೂ ಸಿಗೋದಿಲ್ಲ. ಕಂಪನಿಯಲ್ಲಿ ಉಪಯೋಗಕ್ಕೆ ಬರ್ತಿದ್ದ ಹುಡುಗನನ್ನು ಓದಲಿ ಅಂತ ಬನಾರಸಿಗೆ ಕಳಿಸಿದರು. ಕಾರಂತರು ಅಲ್ಲಿ ಹಿಂದಿ ಎಂಎ ಮಾಡಿದರು, ಓಂಕಾರನಾಥ ಠಾಕೂರರ ಹತ್ತಿರ ಸಂಗೀತ ಕಲಿತರು. ತಯಾರಾದ ಆಟಗಾರನನ್ನು ಮಾರಿ ಲಾಭ ಮಾಡಿದ ರಿಕಿ ಈ ಜಾಗದಲ್ಲಿ ಇದ್ದಿದ್ದರೆ ತಲೆ ಕೆರೆದುಕೊಳ್ತಿದ್ದರೇನೋ.

ಸಿನಿಮಾವನ್ನು ವೀರಣ್ಣ ದೂರ ಇಡಲಿಲ್ಲ. ಮೂಕಿ ಕಾಲದಲ್ಲೇ ಕೈ ಹಾಕಿದ್ದರು, 1935ರಲ್ಲಿ ಸದಾರಮೆ ಚಿತ್ರವಾಯ್ತು, 1945ರಲ್ಲಿ ಹೇಮರೆಡ್ಡಿ ಮಲ್ಲಮ್ಮ. ಆದರೂ ಅವರ ಪಟ್ಟಿಯ ಮೇಲೆ ನಿಜವಾದ ಪೆಟ್ಟು ಬಿದ್ದಿದ್ದು 1954ರಲ್ಲಿ, ಅದೂ ಅವರದೇ ಕೈಯಿಂದ. ಕಂಪನಿಯಲ್ಲಿ ಚೆನ್ನಾಗಿ ಓಡಿದ್ದ ಬೇಡರ ಕಣ್ಣಪ್ಪ ನಾಟಕವನ್ನು ಅವರ ನಿರ್ಮಾಣ ಸಂಸ್ಥೆಯೇ ಮದರಾಸಲ್ಲಿ ಚಿತ್ರ ಮಾಡಿತು. ನಿರ್ದೇಶನ ಎಚ್.ಎಲ್.ಎನ್. ಸಿಂಹ. ಕಣ್ಣಪ್ಪನ ಪಾತ್ರಕ್ಕೆ ಮುತ್ತುರಾಜ. ಸಿಂಹ ಅವನ ಹೆಸರನ್ನು ರಾಜ್‌ಕುಮಾರ್ ಅಂತ ಬದಲಾಯಿಸಿದರು. ನರಸಿಂಹರಾಜು ಸಿನಿಮಾಕ್ಕೆ ಬಂದಿದ್ದೂ, ಅಯ್ಯರ್ ಮುಖ ತೋರಿಸಿದ್ದೂ ಅದರಲ್ಲೇ.

ಚಿತ್ರ ಗೆದ್ದಿತು. ಗೆದ್ದಿದ್ದರಿಂದಲೇ ಕಂಪನಿ ಸೋತಿತು. ಇಪ್ಪತ್ತು ವರ್ಷ ಅನ್ನ ಹಾಕಿ ಬೆಳೆಸಿದ ಬೆಳೆ ಒಂದೇ ಕಟಾವಿಗೆ ಬೇರೆ ಕಣಕ್ಕೆ ಹೋಯ್ತು. ಜನಕ್ಕೆ ನಾಲ್ಕಾಣೆಗೆ ಅದೇ ಮುಖ, ಅದೇ ಹಾಡು ಟೆಂಟಿನಲ್ಲಿ ಸಿಗೋವಾಗ ನಾಟಕಕ್ಕೆ ಯಾಕೆ ಬರ್ತಾರೆ? ವೀರಣ್ಣ ಆ ಚಿತ್ರ ಮಾಡಬಾರದಿತ್ತಾ? ಈ ಪ್ರಶ್ನೆ ಮೇಲೆ ನಾನೂ ನನ್ನ ರೂಮ್‌ಮೇಟೂ ಒಂದು ಭಾನುವಾರ ಪೂರ್ತಿ ವಾದ ಮಾಡಿದ್ದೀವಿ. ಅವನ ಪ್ರಕಾರ ಅದು ತನ್ನ ಬುಡ ತಾನೇ ಕಡಿದುಕೊಂಡ ಹಾಗೆ. ನನ್ನ ಪ್ರಕಾರ ಆ ನಟರು ಹೇಗೂ ಹೋಗ್ತಿದ್ದರು, ಬೇರೆ ಯಾರೋ ಅಪರಿಚಿತನ ಕೈಲಿ ಸಣ್ಣ ಪಾತ್ರಕ್ಕೆ ಸವೆಯೋ ಬದಲು ತಮ್ಮದೇ ಕಂಪನಿಯ ಕಥೆಯಲ್ಲಿ ನಾಯಕರಾಗಿ ಹೋದರು. ಇಬ್ಬರೂ ಒಪ್ಪಲಿಲ್ಲ, ಮೆಸ್‌ನಲ್ಲಿ ಊಟ ಮುಗಿದುಹೋಯ್ತು.

ಹೋದವರಿಗೂ ಹೂವಿನ ಹಾಸಿಗೆ ಕಾದಿರಲಿಲ್ಲ. ಕನ್ನಡ ಚಿತ್ರಗಳೇ ಬೆರಳೆಣಿಕೆಯವು, ತಿಂಗಳ ಪಗಾರ ಅನ್ನೋದು ಅಲ್ಲಿಲ್ಲ. ಕೆಲಸ ಇಲ್ಲದ ದಿನಗಳಲ್ಲಿ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿಕೊಂಡು ಊರೂರು ತಿರುಗಿ ನಾಟಕ ಆಡಿದರು. ಅದೇ ನಾಲ್ವರು 1960ರಲ್ಲಿ ರಣಧೀರ ಕಂಠೀರವ ಚಿತ್ರ ನಿರ್ಮಿಸಿದರು. ಕ್ಯಾಂಪ್ ಹಾಕೋದು, ಟಿಕೆಟ್ ಲೆಕ್ಕ, ಒಬ್ಬನಿಗೆ ಇನ್ನೊಬ್ಬ ನಿಲ್ಲೋದು, ಎಲ್ಲ ಅವರಿಗೆ ಎಲ್ಲಿ ಗೊತ್ತಾಗಿತ್ತು ಅಂತ ಹೇಳಬೇಕಿಲ್ಲ.

ವೀರಣ್ಣನವರಿಗೆ 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು, 1972ರಲ್ಲಿ ಪದ್ಮಶ್ರೀ. ಅದೇ ವರ್ಷ ಅಕ್ಟೋಬರ್ 18ರಂದು ತೀರಿಕೊಂಡರು. ಬನಾರಸಿಗೆ ಹೋಗಿದ್ದ ಹುಡುಗ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, ಭೋಪಾಲ ಸುತ್ತಿ, 1989ರಲ್ಲಿ ಮೈಸೂರಿಗೆ ಬಂದು ರಂಗಾಯಣದ ಮೊದಲ ನಿರ್ದೇಶಕರಾದರು. ಬೇರೆ ಬೇರೆ ಜಿಲ್ಲೆಗಳಿಂದ ಹುಡುಗ ಹುಡುಗಿಯರನ್ನು ಆರಿಸಿ ತಂದು, ವರ್ಷಪೂರ್ತಿ ನಾಟಕವನ್ನೇ ಮಾಡಿಕೊಂಡಿರೋ ತಂಡ ಕಟ್ಟಿದರು. ಆ ತಂಡದಲ್ಲಿ ದುರ್ಯೋಧನನಾದವನು ಮಾರನೇ ದಿನ ಹೊಲಕ್ಕೆ ಹೋಗಬೇಕಿರಲಿಲ್ಲ. ತಿಂಗಳಿಗೆ ಸಂಬಳ ಬರ್ತಿತ್ತು.