ಕೊಡೈಕಾನಲ್‌ನಲ್ಲಿ ಸೂರ್ಯನನ್ನು ಓದಿದ ಎವರ್ಷೆಡ್

ಪೆರಿಯಕುಳಂನಲ್ಲಿ ನಿಂತರೆ ಉತ್ತರಕ್ಕೆ ಕಾಣುವ ಮಲೆಯ ಮೇಲೆ, ದಿಂಡಿಗಲ್ ಜಿಲ್ಲೆಯ ಕೊಡೈಕಾನಲ್‌ನಲ್ಲಿ, ಹಳೆಯ ಸೌರ ವೀಕ್ಷಣಾಲಯವೊಂದಿದೆ. ತೇಣಿ, ಕಂಬಂ ಕಣಿವೆಗಳ ಕನ್ನಡ ಮನೆಮಾತಿನ ಕುಟುಂಬಗಳಿಗೆ ಅದು ನೆರೆಮನೆಯಂತೆ. ಆದರೂ ಅಲ್ಲಿ ದುಡಿದ ಜಾನ್ ಎವರ್ಷೆಡ್ ಅವರ ಹೆಸರು ನಮ್ಮ ತರಗತಿಗಳಲ್ಲಿ ಕೇಳಿಬರುವುದು ವಿರಳ. ಜಲಜನಕ, ಹೀಲಿಯಂ ಎಂದು ಬಾಯಿಪಾಠ ಮಾಡುವ ನಮ್ಮ ಮಕ್ಕಳು, ಜಲಜನಕವನ್ನು ಸೂರ್ಯನ ಬೆಳಕಿನಲ್ಲೇ ಓದಿದವರ ಬದುಕನ್ನೂ ಅರಿಯಬೇಕೆಂಬುದು ನಮ್ಮ ಆಸೆ.

1864ರಲ್ಲಿ ಇಂಗ್ಲೆಂಡಿನ ಸರ್ರೆ ಪ್ರಾಂತದಲ್ಲಿ ಜನಿಸಿದ ಎವರ್ಷೆಡ್, ಜೀವನೋಪಾಯಕ್ಕೆ ಲಂಡನ್ನಿನ ರಾಸಾಯನಿಕ ಸಂಸ್ಥೆಯೊಂದರಲ್ಲಿ ದುಡಿಯುತ್ತ, ಬಿಡುವಿನಲ್ಲಿ ಸೂರ್ಯನನ್ನು ನೋಡುತ್ತಿದ್ದ ಹವ್ಯಾಸಿ. 1898ರ ಜನವರಿಯ ಪೂರ್ಣಗ್ರಹಣಕ್ಕಾಗಿ ಭಾರತಕ್ಕೆ ಬಂದು, ಜಲಜನಕದ ರೇಖೆಗಳ ಸಾಲು ಮುಗಿದಾಚೆ ನೇರಳಾತೀತದಲ್ಲಿ ಹಬ್ಬಿದ ನಿರಂತರ ಬೆಳಕನ್ನು ಛಾಯಾಚಿತ್ರದಲ್ಲಿ ಸೆರೆಹಿಡಿದರು. 1907ರಲ್ಲಿ ಪತ್ನಿ ಮೇರಿಯೊಡನೆ ಕೊಡೈಕಾನಲ್ ಸೇರಿದರು. ದಾಂತೆ ಮತ್ತು ಪ್ರಾಚೀನ ಖಗೋಳಜ್ಞರನ್ನು ಕುರಿತ ಮೇರಿಯವರ ಗ್ರಂಥ 1914ರಲ್ಲಿ ಪ್ರಕಟವಾಯಿತು. ಅವರನ್ನು ಬರಿಯ ಪತ್ನಿಯೆಂದು ಹೇಳಿ ಮುಗಿಸುವುದು ನಮಗೆ ಸರಿತೋರದು.

1909ರ ಜನವರಿಯಲ್ಲಿ ಸೌರಕಲೆಗಳ ಅಂಚಿನ ಬೆಳಕಿನ ರೇಖೆಗಳು ತುಸು ಸರಿದಿರುವುದನ್ನು ಎವರ್ಷೆಡ್ ಕಂಡರು. ನಮ್ಮನ್ನು ದಾಟಿ ಸಾಗುವ ರೈಲಿನ ಸಿಳ್ಳಿನ ಸ್ವರ ತಗ್ಗುವಂತೆ, ದೂರ ಸರಿಯುವ ಅನಿಲದ ರೇಖೆ ಕೆಂಪಿನತ್ತ ವಾಲುತ್ತದೆ. ಕಲೆಯ ನಡುವಿನಿಂದ ಹೊರಕ್ಕೆ ಅನಿಲ ಹರಿಯುತ್ತಿದೆಯೆಂದು ಅದರಿಂದ ತಿಳಿಯಿತು. ಇಂದಿಗೂ ಇದಕ್ಕೆ ಎವರ್ಷೆಡ್ ಪರಿಣಾಮವೆಂದೇ ಹೆಸರು. 1911ರಲ್ಲಿ ನಿರ್ದೇಶಕರಾದ ಅವರು, ಜಲಜನಕದ ಕೆಂಪು ಬೆಳಕಿನಲ್ಲಿಯೂ ಸೂರ್ಯನ ಚಿತ್ರ ತೆಗೆಯುವ ಏರ್ಪಾಡು ಮಾಡಿ, 1923ರಲ್ಲಿ ನಿವೃತ್ತರಾದರು.

ಆ ಜಲಜನಕ ಬಂದದ್ದೆಲ್ಲಿಂದ? ಸೂರ್ಯನಲ್ಲಿ ಅದೇ ಹೆಚ್ಚೆಂಬುದಕ್ಕೆ ಸಿಸಿಲಿಯಾ ಪೇನ್ ಅವರ ಲೆಕ್ಕ ಸಿಕ್ಕಿದ್ದು 1925ರಲ್ಲಿ. ಧಾತುಗಳು ವಿಶ್ವದ ಆರಂಭದ ಬೇಗೆಯಲ್ಲಿ ರೂಪುಗೊಂಡವೆಂದು ಆಲ್ಫರ್, ಗ್ಯಾಮೊ ಮುಂದಿಟ್ಟದ್ದು 1948ರಲ್ಲಿ. ಹಗುರ ಧಾತುಗಳ ಮಟ್ಟಿಗೆ ಆ ವಿಚಾರ ನಿಂತಿತು. ಈಗಿನ ಲೆಕ್ಕವನ್ನು ಮಕ್ಕಳೂ ಮಾಡಬಹುದು. ಮೊದಲ ಕೆಲವೇ ನಿಮಿಷಗಳಲ್ಲಿ ಪ್ರತಿ 2 ನ್ಯೂಟ್ರಾನ್‌ಗಳಿಗೆ ಸುಮಾರು 14 ಪ್ರೋಟಾನ್‌ಗಳಿದ್ದವು. 2 ನ್ಯೂಟ್ರಾನ್, 2 ಪ್ರೋಟಾನ್ ಕೂಡಿ ಒಂದು ಹೀಲಿಯಂ ಬೀಜವಾಯಿತು. 12 ಪ್ರೋಟಾನ್‌ಗಳು ಜಲಜನಕವಾಗಿಯೇ ಉಳಿದವು. ಹದಿನಾರರಲ್ಲಿ ನಾಲ್ಕು, ಅಂದರೆ ದ್ರವ್ಯರಾಶಿಯ ಕಾಲುಭಾಗ ಹೀಲಿಯಂ. ಭಾರ 5 ಅಥವಾ 8 ಇರುವ ಸ್ಥಿರ ಬೀಜಗಳಿಲ್ಲದ ಕಾರಣ ಮೆಟ್ಟಿಲು ಅಲ್ಲೇ ಮುರಿಯಿತು. ತುಸು ಲಿಥಿಯಂ ಬಿಟ್ಟರೆ ಮುಂದೆ ಸಾಗಲಿಲ್ಲ. ವಿಶ್ವವೂ ಹಿಗ್ಗುತ್ತ ತಣಿಯಿತು.

ಎವರ್ಷೆಡ್ 1956ರಲ್ಲಿ ಸರ್ರೆಯಲ್ಲೇ ತೀರಿಕೊಂಡರು. ಕೊಡೈಕಾನಲ್ ವೀಕ್ಷಣಾಲಯ ಇಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ. ಜಲಜನಕದ ಬೆಳಕಿನಲ್ಲಿ ತೆಗೆದ ಅಂದಿನ ಗಾಜಿನ ಫಲಕಗಳನ್ನು ಆ ಸಂಸ್ಥೆ ಗಣಕಕ್ಕೆ ಏರಿಸಿದೆ.